ಮೂಕವಾದ ಯಂತ್ರವೂ ನಮ್ಮ ಅಂಜಿಕೆಯೂ

ಕಂಪ್ಯೂಟರು ಹೊಗದ ಮನೆಗಳು ನಮ್ಮ ನಾಡಿನಲ್ಲಿ ಇನ್ನೂ ಎಷ್ಟೋ ಇವೆ. ಆದರೆ ಅದು ಹೊಗದ ಕಚೇರಿಯಾಗಲಿ ಕಾಲೇಜಾಗಲಿ ಇಂದು ಸಿಗುವುದು ಕಷ್ಟ. ಅದು ಇರುವಲ್ಲೆಲ್ಲ ಒಂದು ದೂರು ಆಗಾಗ ಕಿವಿಗೆ ಬೀಳುತ್ತದೆ. ನಿನ್ನೆ ಸಂಜೆಯವರೆಗೆ ಸರಿಯಾಗಿದ್ದ ಪೆನ್ ಡ್ರೈವ್ ಇಂದು ಬೆಳಿಗ್ಗೆ ಕಾಣಿಸುತ್ತಿಲ್ಲ, ಪ್ರಿಂಟರು ಉಸಿರೆತ್ತುತ್ತಿಲ್ಲ, ಮೌಸನ್ನು ಎಷ್ಟು ಆಡಿಸಿದರೂ ತೆರೆಯ ಮೇಲಿನ ಬಾಣ ಮಿಸುಕುತ್ತಿಲ್ಲ. ನಿನ್ನೆಗೂ ಇಂದಿಗೂ ನಡುವೆ ನಡೆದದ್ದು ಒಂದೇ ಸಂಗತಿ: ಯಂತ್ರವು ತನ್ನ ಆಪರೇಟಿಂಗ್ ಸಿಸ್ಟಮ್ಮನ್ನು ಅಪ್‌ಡೇಟ್ ಮಾಡಿಕೊಂಡಿದೆ.

ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಮೂರು ತೀರ್ಪುಗಳಲ್ಲಿ ಒಂದನ್ನು ಕೊಟ್ಟುಬಿಡುತ್ತೇವೆ. ವಸ್ತು ಸತ್ತಿತು, ಹೊಸದನ್ನು ಕೊಳ್ಳಬೇಕು ಎಂಬುದು ಮೊದಲನೆಯದು. ಕಂಪ್ಯೂಟರಿಗೆ ವೈರಸ್ ಬಡಿದಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು ಎಂಬುದು ಎರಡನೆಯದು. ಕೊನೆಯಲ್ಲಿ ಮುಟ್ಟಿದವನೇ ಕೆಡಿಸಿದ ಎಂಬುದು ಮೂರನೆಯದು. ವಿಚಾರಣೆಯಿಲ್ಲದೆ ಹೊರಡುವ ಈ ತೀರ್ಪುಗಳಲ್ಲಿ ಮೊದಲನೆಯದು ದುಂದು, ಎರಡನೆಯದು ಆತುರ, ಮೂರನೆಯದು ಅನ್ಯಾಯ ಎಂಬುದೇ ಈ ಲೇಖನದ ವಾದ.

ಕಲಾವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಯಂತ್ರದ ಒಳಗನ್ನು ಬಲ್ಲವರು ಬೇರೆ ಇದ್ದಾರೆ, ನಿಜ. ಆದರೆ ಯಂತ್ರವನ್ನು ಪರೀಕ್ಷಿಸುವ ಕ್ರಮ ನಮ್ಮ ತರ್ಕಶಾಸ್ತ್ರಕ್ಕೆ ಹೊಸದಲ್ಲ. ಒಂದು ಇದ್ದಲ್ಲಿ ಇನ್ನೊಂದು ಇರುವುದು ಅನ್ವಯ, ಒಂದು ಇಲ್ಲದಲ್ಲಿ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ ಎಂದು ನಮ್ಮ ಹಿಂದಿನವರು ಹೇಳಿದರು. ಜಾನ್ ಸ್ಟುವರ್ಟ್ ಮಿಲ್ಲನು ೧೮೪೩ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ಕಾರಣಗಳನ್ನು ಹುಡುಕಲು ಕೊಟ್ಟ ವಿಧಾನಗಳೂ ಇದೇ ಜಾಡಿನವು. ಉಳಿದುದೆಲ್ಲ ಹಾಗೆಯೇ ಇರಲಿ, ಒಂದನ್ನು ಮಾತ್ರ ಬದಲಿಸಿ ನೋಡು. ಫಲ ಬದಲಾದರೆ ಕಾರಣ ಅಲ್ಲಿದೆ. ಪರೀಕ್ಷೆಯಲ್ಲಿ ಅಂಕ ಗಳಿಸಲು ಇದನ್ನು ಬರೆದು, ಮೇಜಿನ ಮುಂದೆ ಕುಳಿತಾಗ ಮರೆತುಬಿಟ್ಟರೆ ಆ ಓದು ಯಾವ ಪುರುಷಾರ್ಥಕ್ಕೆ?

ಮೊದಲು, ಯು.ಎಸ್.ಬಿ. ಎಂಬ ಆ ಸಣ್ಣ ಕಿಂಡಿಯಲ್ಲಿ ನಡೆಯುವುದೇನು ಎಂಬುದನ್ನು ನೋಡೋಣ. ಹಿಂದೆ ಕೀಬೋರ್ಡಿಗೆ ಒಂದು, ಪ್ರಿಂಟರಿಗೆ ಮತ್ತೊಂದು, ಹೀಗೆ ಒಂದೊಂದಕ್ಕೂ ಒಂದೊಂದು ಬಗೆಯ ಕಿಂಡಿ ಇತ್ತು. ಏಳು ಕಂಪನಿಗಳು ಕೂಡಿ ೧೯೯೬ರಲ್ಲಿ ಎಲ್ಲಕ್ಕೂ ಒಂದೇ ಸಾಕೆಂಬ ನಿಯಮವನ್ನು ಹೊರತಂದವು. ಆ ಕಾರ್ಯದಲ್ಲಿ ಮುಂದಾಗಿದ್ದ ಇಂಟೆಲ್ ಕಂಪನಿಯ ಅಜಯ್ ಭಟ್ಟರು ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು ಎಂಬುದು ನಮಗೆ ಸಂತೋಷ ಕೊಡುವ ಸಂಗತಿ.

ಕಿಂಡಿಗೆ ವಸ್ತುವನ್ನು ಸಿಕ್ಕಿಸಿದೊಡನೆ ವಿದ್ಯುತ್ತು ಹರಿಯುವುದಷ್ಟೇ ಅಲ್ಲ, ಒಂದು ಸಂಭಾಷಣೆಯೂ ನಡೆಯುತ್ತದೆ. ನೀನು ಯಾರು ಎಂದು ಕಂಪ್ಯೂಟರು ಕೇಳುತ್ತದೆ. ನನ್ನನ್ನು ಮಾಡಿದವರ ಸಂಖ್ಯೆ ಇದು, ನನ್ನ ಜಾತಿಯ ಸಂಖ್ಯೆ ಇದು ಎಂದು ವಸ್ತು ಉತ್ತರಿಸುತ್ತದೆ. ಕಂಪ್ಯೂಟರು ಅದಕ್ಕೆ ೧ರಿಂದ ೧೨೭ರೊಳಗಿನ ಒಂದು ವಿಳಾಸವನ್ನು ಕೊಟ್ಟು, ಅದರ ಭಾಷೆಯನ್ನು ಬಲ್ಲ ಡ್ರೈವರನ್ನು ಕರೆಯುತ್ತದೆ. ಡ್ರೈವರ್ ಎಂದರೆ ಇಲ್ಲಿ ಬಸ್ಸು ನಡೆಸುವವನಲ್ಲ. ಇಬ್ಬರ ನಡುವೆ ನಿಂತು ಮಾತು ತಿಳಿಸುವ ದುಭಾಷಿ. ಅಪ್‌ಡೇಟ್ ಬಂದಾಗ ಈ ದುಭಾಷಿಗಳಲ್ಲಿ ಕೆಲವರು ಬದಲಾಗುತ್ತಾರೆ. ಒಮ್ಮೊಮ್ಮೆ ಹಳಬನನ್ನು ಕಳುಹಿಸಿ ಹೊಸಬನನ್ನು ಕರೆಯುವುದೇ ಮರೆತುಹೋಗುತ್ತದೆ. ಆಗ ವಸ್ತುವಿನ ಆರೋಗ್ಯಕ್ಕೆ ಏನೂ ಆಗಿರುವುದಿಲ್ಲ. ಅದು ಮಾತಾಡುತ್ತಿದೆ, ತಿಳಿಯುವವರಿಲ್ಲ. ಇದನ್ನು ಸಾವೆನ್ನುವುದು ಸರಿಯೆ?

ಇದು ಊಹೆಯ ಮಾತಲ್ಲ. ೨೦೧೮ರ ಫೆಬ್ರವರಿ ೧೩ರಂದು ವಿಂಡೋಸ್ ೧೦ಕ್ಕೆ ಬಂದ ಅಪ್‌ಡೇಟಿನ ನಂತರ ಕೆಲವರ ಯು.ಎಸ್.ಬಿ. ಸಾಧನಗಳೂ ಲ್ಯಾಪ್‌ಟಾಪಿನೊಳಗಿನ ಕ್ಯಾಮರಾ ಕೀಬೋರ್ಡುಗಳೂ ನಿಂತುಹೋದವು. ಹೊಸ ಡ್ರೈವರುಗಳನ್ನು ಹಾಕುವುದು ತಪ್ಪಿ, ಇದ್ದವನ್ನು ತೆಗೆದುಹಾಕಿದ್ದೇ ಕಾರಣವೆಂದು ಮೈಕ್ರೋಸಾಫ್ಟ್ ಕಂಪನಿಯೇ ತಿಳಿಸಿ, ಮಾರ್ಚ್ ೫ರಂದು ತಿದ್ದುಪಡಿಯನ್ನು ಕೊಟ್ಟಿತು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೧ಕ್ಕೆ ಬಂದ ಅಪ್‌ಡೇಟಿನ ಕಥೆ ಇನ್ನೂ ವಿಚಿತ್ರ. ದಿನದ ಕೆಲಸದಲ್ಲಿ ಕೀಬೋರ್ಡು ಮೌಸುಗಳು ಚೆನ್ನಾಗಿಯೇ ಇದ್ದವು. ಯಂತ್ರ ಕೆಟ್ಟಾಗ ರಿಪೇರಿಗೆಂದೇ ಇರುವ ರಿಕವರಿ ತೆರೆಯಲ್ಲಿ ಮಾತ್ರ ಯು.ಎಸ್.ಬಿ.ಯವು ಕೆಲಸ ಮಾಡಲಿಲ್ಲ. ಆರೋಗ್ಯವಂತರಿಗೆ ಬಾಗಿಲು ತೆರೆದು, ರೋಗಿ ಬಂದೊಡನೆ ಮುಚ್ಚಿಕೊಳ್ಳುವ ಆಸ್ಪತ್ರೆಯಂತಾಯಿತು! ಆರು ದಿನಗಳ ಬಳಿಕ, ೨೦ರಂದು, ಅದಕ್ಕೆ ತಿದ್ದುಪಡಿ ಬಂತು. ಆ ಆರು ದಿನಗಳಲ್ಲಿ ನೆರವಾಗುತ್ತಿದ್ದುದರಲ್ಲಿ ಹಳೆಯ ದುಂಡು ಪಿನ್ನಿನ ಪಿ.ಎಸ್./೨ ಕೀಬೋರ್ಡೂ ಒಂದು. ಅದಕ್ಕೆ ಕಿಂಡಿಯಿರುವ ಯಂತ್ರಗಳುಳ್ಳ ಕಾಲೇಜು ತನ್ನ ಉಗ್ರಾಣದಲ್ಲಿ ಅಂಥದೊಂದನ್ನು ಒರಸಿ ಇಟ್ಟುಕೊಂಡರೆ ನಷ್ಟವೇನೂ ಇಲ್ಲ.

ಹೀಗಿರುವಲ್ಲಿ, ಸಾಧನ ಮೂಕವಾದಾಗ ನಾವು ಅನುಸರಿಸತಕ್ಕ ಕ್ರಮವೇನು? ಎಲ್ಲಕ್ಕಿಂತ ಮೊದಲು, ಮಾಡಬಾರದ್ದನ್ನು ಮಾಡದಿರುವುದು. ಪೆನ್ ಡ್ರೈವನ್ನು ಸಿಕ್ಕಿಸಿದಾಗ ಫಾರ್ಮ್ಯಾಟ್ ಮಾಡಬೇಕೆ ಎಂದು ಯಂತ್ರ ಕೇಳಿದರೆ ಒಪ್ಪಕೂಡದು. ಒಪ್ಪಿದರೆ ಒಳಗಿರುವ ಪ್ರಬಂಧ, ವಿದ್ಯಾರ್ಥಿವೇತನದ ಕಾಗದಗಳ ನಕಲು ಎಲ್ಲಕ್ಕೂ ಎಳ್ಳುನೀರು ಬಿಟ್ಟಂತೆ.

ಎರಡನೆಯದಾಗಿ, ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು. ಷಟ್ ಡೌನ್ ಮಾಡಿ ಮತ್ತೆ ಹಚ್ಚುವುದೂ ಇದೇ ಅಲ್ಲವೇ ಎಂದರೆ, ಅಲ್ಲ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದು ಜಾರಿಯಲ್ಲಿದ್ದರೆ, ಷಟ್ ಡೌನ್ ಮಾಡಿದಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಯಂತ್ರ ಕಟ್ಟಿಟ್ಟುಕೊಂಡು, ಮರಳಿ ಹಚ್ಚಿದಾಗ ಅದನ್ನೇ ಬಿಚ್ಚುತ್ತದೆ. ರೀಸ್ಟಾರ್ಟಿನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಆರಂಭ.

ಮೂರನೆಯದಾಗಿ, ಅನ್ವಯ ವ್ಯತಿರೇಕದ ಪರೀಕ್ಷೆ. ಅದೇ ವಸ್ತುವನ್ನು ಬೇರೆ ಕಿಂಡಿಗೆ, ನಡುವೆ ಹಬ್ ಇಲ್ಲದೆ ನೇರವಾಗಿ ಸಿಕ್ಕಿಸುವುದು. ಕೇಬಲನ್ನು ಬದಲಿಸುವುದು, ಏಕೆಂದರೆ ಚಾರ್ಜಿಗಷ್ಟೇ ಮಾಡಿದ ಕೇಬಲುಗಳೂ ಉಂಟು. ಅದೇ ವಸ್ತುವನ್ನು ಬೇರೆ ಕಂಪ್ಯೂಟರಿನಲ್ಲಿ ನೋಡುವುದು. ಅಲ್ಲಿ ನಡೆದರೆ ವಸ್ತು ನಿರ್ದೋಷಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣವಾದರೂ ರೋಗ ತಿಳಿಯದು.

ನಾಲ್ಕನೆಯದಾಗಿ, ಡಿವೈಸ್ ಮ್ಯಾನೇಜರನ್ನು ತೆರೆಯಬೇಕು. ಅಲ್ಲಿ ಹಳದಿಯ ಗುರುತು ಕಂಡರೆ ಅದರ ಮೇಲೆ ಎರಡು ಸಲ ಒತ್ತಿ ಬರೆದಿರುವುದನ್ನು ಓದಬೇಕು. ಕೋಡ್ ೨೮ ಎಂದರೆ ಡ್ರೈವರ್ ಇಲ್ಲವೆಂದು ಅರ್ಥ. ೪೩ ಎಂದರೆ ಸಾಧನವೇ ತೊಂದರೆಯನ್ನು ಹೇಳಿಕೊಂಡದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದು. ಆ ಸಾಧನವನ್ನು ಅಲ್ಲಿಂದ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಪರಿಚಯ ಹೊಸದಾಗಿ ನಡೆಯುತ್ತದೆ. ಕೀಬೋರ್ಡಿಗಾಗಲಿ ಮೌಸಿಗಾಗಲಿ ಇದನ್ನು ಮಾಡುವಾಗ ಬೇರೊಂದು ಕೈಗೆ ಸಿಗುವಂತಿರಲಿ. ಹಳೆಯ ಡ್ರೈವರ್ ಉಳಿದಿದ್ದರೆ ರೋಲ್ ಬ್ಯಾಕ್ ಎಂಬ ಗುಂಡಿಯಿಂದ ಅದನ್ನೇ ಮರಳಿ ಕರೆಯಬಹುದು. ಯು.ಎಸ್.ಬಿ. ರೂಟ್ ಹಬ್ಬಿನ ಪವರ್ ಮ್ಯಾನೇಜ್‌ಮೆಂಟಿನಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸಲು ಬಿಡುವ ಗುರುತಿದ್ದರೆ ಅದನ್ನು ತೆಗೆದು ನೋಡಬಹುದು. ಇದಾವುದರಿಂದಲೂ ಆಗದಿದ್ದರೆ, ಅಪ್‌ಡೇಟಿನ ಇತಿಹಾಸಕ್ಕೆ ಹೋಗಿ ಆ ಅಪ್‌ಡೇಟನ್ನೇ ಹಿಂದಕ್ಕೆ ತೆಗೆಯುವುದು ಕೊನೆಯ ಉಪಾಯ. ಉಬುಂಟು ಹಾಕಿರುವ ಯಂತ್ರಗಳಲ್ಲಾದರೆ, ಆರಂಭದ ಪಟ್ಟಿಯಲ್ಲಿ ಹಿಂದಿನ ಕರ್ನಲನ್ನು ಆರಿಸಿ ನೋಡಬಹುದು.

ಇಷ್ಟನ್ನು ಮಾಡಲು ಎಂಜಿನಿಯರಿಂಗ್ ಪದವಿ ಬೇಡ. ಬೇಕಾದದ್ದು ಧೈರ್ಯ; ನಮ್ಮಲ್ಲಿ ಹಲವರಿಗೆ ಕೊರತೆಯಾಗಿರುವುದೂ ಅದೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ವಸ್ತುವಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವ ರಕ್ಷೆ "ಮುಟ್ಟಬೇಡ, ಕೆಟ್ಟೀತು" ಎಂಬ ಮಾತು. ಹಿರಿಯರ ಆ ಮಾತಿನಲ್ಲಿ ತಪ್ಪಿಲ್ಲ. ಕೆಟ್ಟರೆ ಎರಡನೆಯದನ್ನು ತರುವ ಶಕ್ತಿ ಅವರಿಗಿರಲಿಲ್ಲ. ಆದರೆ ಅದೇ ಅಂಜಿಕೆಯನ್ನು ನಾವು ಪ್ರಯೋಗಶಾಲೆಗೂ ಹೊತ್ತು ತರುತ್ತೇವೆ. ಯಂತ್ರ ಮೌನವಾದೊಡನೆ ಕುರ್ಚಿಯಿಂದ ಮೆಲ್ಲನೆ ಎದ್ದು ದೂರ ನಿಲ್ಲುತ್ತೇವೆ. ಯಾರಾದರೂ ಗದರಿದರೆ ತಲೆತಗ್ಗಿಸುತ್ತೇವೆ. ದೂರದ ಕಚೇರಿಯಿಂದ ಬಂದ ತಪ್ಪು ಇಲ್ಲಿ ಕುಳಿತಿದ್ದ ಹುಡುಗಿಯ ತಲೆಗೆ ಕಟ್ಟುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು?

ಕಾಲೇಜಿನ ಹೊರಗೆ ಇದರ ಫಲ ಇನ್ನೂ ಕಹಿ. ಹೆಬ್ಬೆರಳೊತ್ತಿಸಿಕೊಳ್ಳುವ ಯಂತ್ರಗಳಲ್ಲಿ ಹೆಚ್ಚಿನವು ಇದೇ ಯು.ಎಸ್.ಬಿ. ಕಿಂಡಿಗೆ ಸೇರುವಂಥವು. ದಿನದ ಕೂಲಿ ಬಿಟ್ಟು ಬಂದ ಮುದುಕಿಗೆ "ನಿನ್ನ ಬೆರಳು ಸವೆದಿದೆ, ನಾಳೆ ಬಾ" ಎಂದು ಹೇಳುವ ಮುನ್ನ, ತನ್ನ ಯಂತ್ರ ಆ ಸಾಧನವನ್ನು ಗುರುತಿಸುತ್ತಿದೆಯೇ ಎಂದು ಮೇಜಿನಾಚೆ ಕುಳಿತವನು ಒಮ್ಮೆ ನೋಡಬೇಡವೆ? ನಾಳೆ ಆ ಕುರ್ಚಿಯಲ್ಲಿ ಕೂರುವವರು ನಮ್ಮಲ್ಲೇ ಕೆಲವರು ಎಂಬುದನ್ನು ಮರೆಯಲಾಗದು.

ಹಾಗಾದರೆ ಅಪ್‌ಡೇಟೇ ಬೇಡವೆನ್ನೋಣವೆ? ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ೨೦೧೭ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಸೇರಿಸಿ ಅನೇಕ ದೇಶಗಳ ಯಂತ್ರಗಳನ್ನು ಹಿಡಿಯಿತು. ಅದನ್ನು ತಡೆಯುವ ಅಪ್‌ಡೇಟ್ ಅದೇ ವರ್ಷದ ಮಾರ್ಚಿಯಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳು ಅದರ ಬಾಯಿಗೆ ಬಿದ್ದವು. ಆದುದರಿಂದ ಅಪ್‌ಡೇಟ್ ಇರಲಿ. ಅದಕ್ಕೊಂದು ಕಾಲ, ಕ್ರಮ ಇರಲಿ.

ನಮ್ಮ ಅಧ್ಯಾಪಕರಲ್ಲಿ ಮೂರು ವಿನಂತಿಗಳು. ಅಪ್‌ಡೇಟನ್ನು ಮೊದಲು ಒಂದು ಯಂತ್ರಕ್ಕೆ ಹಾಕಿ, ಎರಡು ಮೂರು ದಿನ ನೋಡಿ, ಉಳಿದವಕ್ಕೆ ಹಾಕಲಿ. ಪರೀಕ್ಷೆಯ ಅಥವಾ ಅರ್ಜಿಯ ಕೊನೆಯ ವಾರದಲ್ಲಿ ಅದು ಬೇಡ. ಪ್ರತಿಯೊಂದು ಯಂತ್ರದ ಬಳಿ ಒಂದು ನೋಟುಪುಸ್ತಕವಿರಲಿ: ಯಾವ ದಿನ ಏನು ಬದಲಾಯಿತು, ಯಾವುದು ನಿಂತಿತು, ಏನು ಮಾಡಿದಾಗ ಸರಿಹೋಯಿತು. ಆ ಪುಸ್ತಕವಿದ್ದರೆ ಕೊನೆಗೆ ಮುಟ್ಟಿದವನನ್ನು ಯಾರೂ ಹುಡುಕಬೇಕಾಗಿಲ್ಲ.

ಗೆಳೆಯರಲ್ಲಿಯೂ ಒಂದು ಮಾತು. ಪ್ರಬಂಧದ ನಕಲನ್ನು ಎರಡು ಕಡೆ ಇಡಿ. ಯಂತ್ರ ಮೌನವಾದಾಗ ಎದ್ದು ಹೋಗದೆ, ಕುಳಿತು ಅದನ್ನು ವಿಚಾರಿಸಿರಿ. ಪ್ರಶ್ನೆ ಕೇಳುವ ಹಕ್ಕನ್ನು ಗಳಿಸಲೆಂದೇ ನಮ್ಮ ಮನೆಯವರು ನಮ್ಮನ್ನು ಇಲ್ಲಿಗೆ ಕಳುಹಿಸಿದ್ದಾರೆ.