ನಿದ್ರೆ ಮಾತ್ರೆಗೆ ಮುನ್ನ ಕೇಳಬೇಕಾದ ಪ್ರಶ್ನೆ

ಸಿಒಪಿಡಿ ಎಂಬ ದೀರ್ಘಕಾಲಿಕ ಶ್ವಾಸಕೋಶದ ಕಾಯಿಲೆ ಬೀಡಿ, ಸಿಗರೇಟು ಸೇದುವವರಿಗಷ್ಟೇ ಮೀಸಲಲ್ಲ. ಹತ್ತಾರು ವರ್ಷ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರನ್ನೂ ಅದು ಬಿಟ್ಟಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಈ ಕಾಯಿಲೆಯನ್ನು ಕುರಿತು ಅಧ್ಯಯನ ನಡೆಸಿದ್ದಾರೆ. ಆದರೆ ಈ ರೋಗಿಗಳು ಕಳೆಯುವ ರಾತ್ರಿಗಳ ಬಗ್ಗೆ ಸಾರ್ವಜನಿಕ ಚರ್ಚೆ ನಡೆದದ್ದು ಕಡಿಮೆ.

ಮಲಗಿದೊಡನೆ ಕೆಮ್ಮು, ಕಫ, ಉಸಿರು ಕಟ್ಟೀತೆಂಬ ಭಯ. ನಿದ್ರೆ ಬಾರದಿದ್ದಾಗ ಮನೆಯವರಿಗೆ ತೋಚುವ ಪರಿಹಾರ ನಿದ್ರೆ ಮಾತ್ರೆ. ಅಪಾಯವಿರುವುದು ಅಲ್ಲಿಯೇ. ಆರೋಗ್ಯವಂತರಲ್ಲೂ ನಿದ್ರೆಯಲ್ಲಿ ಉಸಿರಾಟ ತುಸು ತಗ್ಗುತ್ತದೆ. ಅಲ್‌ಪ್ರಜೋಲಂ, ಡಯಾಜೆಪಂಗಳಂಥ ಮಾತ್ರೆಗಳು ಅದನ್ನು ಇನ್ನಷ್ಟು ತಗ್ಗಿಸಬಲ್ಲವು. ರೋಗ ಉಲ್ಬಣಿಸಿದವರಲ್ಲಿ ಆಮ್ಲಜನಕ ಕುಸಿದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಬಹುದು. ಈ ಮಾತ್ರೆಗಳು 2014ರ ಮಾರ್ಚ್‌ನಿಂದ ಎಚ್‌1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ದಾಖಲಿಸಲೇಬೇಕು. ಹಾಗೆಂದು ಬಹುಕಾಲದಿಂದ ಸೇವಿಸುತ್ತಿರುವವರು ತಾವಾಗಿಯೇ ಹಠಾತ್ತನೆ ನಿಲ್ಲಿಸುವುದೂ ಅಪಾಯಕರ.

ಆದ್ದರಿಂದ ಯಾವ ಮಾತ್ರೆ ಎಂಬುದಕ್ಕಿಂತ ನಿದ್ರೆ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆಯೇ ಮೊದಲು ಬರಬೇಕು. ಇನ್‌ಹೇಲರ್ ಬಳಸುವ ಕ್ರಮ ಸರಿಯಿದೆಯೇ? ಸ್ಟೆರಾಯ್ಡ್ ಮಾತ್ರೆಯನ್ನು ಸಂಜೆ ನುಂಗುತ್ತಿದ್ದಾರೆಯೇ? ಥಿಯೋಫಿಲಿನ್ ನಿದ್ರೆ ಕೆಡಿಸುತ್ತಿದೆಯೇ? ಗೊರಕೆಯ ನಡುವೆ ಉಸಿರು ನಿಲ್ಲುತ್ತಿದೆಯೇ? ಆತಂಕ, ಖಿನ್ನತೆಗಳಿವೆಯೇ? ಇವುಗಳಿಗೆ ಉತ್ತರ ಸಿಕ್ಕರೆ ಅನೇಕರಿಗೆ ಮಾತ್ರೆಯ ಅಗತ್ಯವೇ ಬಾರದಿರಬಹುದು.

ಆನಂತರವೂ ಉಳಿಯುವ ನಿದ್ರಾಹೀನತೆಗೆ ಅರಿವು–ವರ್ತನಾ ಚಿಕಿತ್ಸೆ ಇದೆ. ನಿತ್ಯ ಒಂದೇ ಹೊತ್ತಿಗೆ ಏಳುವುದು, ನಿದ್ರೆ ಬಾರದಾಗ ಹಾಸಿಗೆಯಲ್ಲಿ ಹೊರಳಾಡದಿರುವುದು, ನಿದ್ರೆ ಕುರಿತ ಭಯವನ್ನು ತಿದ್ದುವುದು ಇದರ ತಿರುಳು. ದೀರ್ಘಕಾಲದ ನಿದ್ರಾಹೀನತೆಗೆ ಇದೇ ಮೊದಲ ಚಿಕಿತ್ಸೆಯಾಗಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿಯೇ ಶಿಫಾರಸು ಮಾಡಿದೆ.

ಮಾತ್ರೆ ಬರೆಯಲು ಒಂದು ನಿಮಿಷ ಸಾಕು, ಈ ಚಿಕಿತ್ಸೆಗೆ ಹಲವು ಭೇಟಿಗಳು ಬೇಕು, ಕಿಕ್ಕಿರಿದ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಸಾಧ್ಯವೇ ಎಂಬ ಆಕ್ಷೇಪ ಸಹಜ. ಆದರೆ ಎಲ್ಲವನ್ನೂ ವೈದ್ಯರೇ ಮಾಡಬೇಕಿಲ್ಲ. ತರಬೇತಿ ಪಡೆದ ಆಪ್ತಸಮಾಲೋಚಕರು, ಶುಶ್ರೂಷಕಿಯರು ಕನ್ನಡದಲ್ಲಿಯೇ ಇದನ್ನು ಕಲಿಸಬಲ್ಲರು. ನಗರದ ಕೆ.ಆರ್. ಆಸ್ಪತ್ರೆ ಮತ್ತು ಪಿಕೆಟಿಬಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇದಕ್ಕೆಂದು ಮೀಸಲಿಟ್ಟರೂ ಒಳ್ಳೆಯ ಆರಂಭವಾದೀತು. ಹಗಲಿನ ಉಸಿರನ್ನು ಅಳೆಯುವ ವ್ಯವಸ್ಥೆ ರೋಗಿಯ ರಾತ್ರಿಯನ್ನೂ ವಿಚಾರಿಸಬೇಕು.