ಕಾಳಿನ ಕೋಣೆಯಲ್ಲಿ ಮಲಗಬೇಡಿ



ಕರಗ ನೋಡಲು ನಗರ್ತಪೇಟೆಯ ಧರ್ಮರಾಯನ ಗುಡಿಗೆ ಬಂದವರು ಅಲ್ಲಿನ ಓಣಿಗಳನ್ನೂ ನೋಡಿರುತ್ತೀರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಂಥ ಇಕ್ಕಟ್ಟಿನ ಪೇಟೆಗಳು ಬಹಳ ನಲುಗಿದವು. ಗಾಳಿ ಬೆಳಕಿಲ್ಲದ ಮನೆ, ಅದರಲ್ಲೇ ದವಸ, ದವಸಕ್ಕೆ ಇಲಿ, ಇಲಿಯ ಮೈಮೇಲೆ ಚಿಗಟ, ಚಿಗಟದ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ರೋಗಾಣು. ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದವು.

ಹಳ್ಳಿಯಲ್ಲಿ ಜಾಗಕ್ಕೆ ಅಷ್ಟು ಬರವಿಲ್ಲ. ಆದರೂ ಈಚೆಗೆ ನಾನು ಕಂಡ ಹೊಸ ತಾರಸಿ ಮನೆಯೊಂದರಲ್ಲಿ ಮಕ್ಕಳು ಮಲಗುವ ಕೋಣೆಯಲ್ಲೇ ಕಡಲೆಕಾಯಿ ಮೂಟೆಗಳಿದ್ದವು. ಕಿಟಕಿಯೇನೋ ಇತ್ತು, ಮೂಟೆಗಳ ಹಿಂದೆ! ಕಳ್ಳರ ಭಯವೆಂದರು ಯಜಮಾನರು. ಭಯ ಸುಳ್ಳಲ್ಲ, ಆದರೆ ಕಳ್ಳನಿಗಿಂತ ಮೊದಲು ಬೂಷ್ಟು ಒಳಗೆ ಬಂದಿತ್ತು.

ಸರಿಯಾಗಿ ಒಣಗದ ಕಡಲೆಕಾಯಿ, ಮೆಕ್ಕೆಜೋಳಗಳ ಮೇಲೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಮಿಶ್ರಿತ ಹಸಿರು ಶಿಲೀಂಧ್ರ ಬೆಳೆಯುತ್ತದೆ. ಅದು ಉತ್ಪಾದಿಸುವ ಅಫ್ಲಾಟಾಕ್ಸಿನ್ ಈಲಿಗೆ ವಿಷ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. ತಿನ್ನದಿದ್ದರೂ ತೊಂದರೆಯುಂಟು. ಮೂಟೆ ಅಲುಗಿಸಿದಾಗ ಏಳುವ ಧೂಳಿನಲ್ಲಿ ಬೂಷ್ಟಿನ ಬೀಜಾಣುಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ದಿನವೂ ಅದನ್ನು ಉಸಿರಾಡಿದರೆ ಕೆಮ್ಮು, ಉಬ್ಬಸ ಬರಬಹುದು.

ನಮ್ಮ ಹಿರಿಯರು ಬಹಳ ಕಡೆ ರಾಗಿಯನ್ನು ಮನೆಯ ಹೊರಗೆ ಹಗೇವಿನಲ್ಲಿಡುತ್ತಿದ್ದರು. ಬಾಯಿ ತೆಗೆದ ಕೂಡಲೇ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಮುಚ್ಚಿಟ್ಟ ಕಾಳು ಗಾಳಿಯನ್ನು ಕೆಡಿಸುತ್ತದೆಂದು ಅವರಿಗೆ ಗೊತ್ತಿತ್ತು. ಓದು ಬಲ್ಲ ನಾವು ಅದೇ ಕಾಳಿನ ಪಕ್ಕದಲ್ಲಿ ಚಾಪೆ ಹಾಸುತ್ತಿದ್ದೇವೆ.

ಮನೆ ಕಟ್ಟಿಸುವಾಗ ಮೊದಲು ಕಾಳಿಗೊಂದು ಪ್ರತ್ಯೇಕ ಕೋಣೆ ತೆಗೆದಿಡಿ, ಪಡಸಾಲೆ ಚಿಕ್ಕದಾದರೂ ಚಿಂತೆಯಿಲ್ಲ. ಅದಕ್ಕೆ ಎದುರುಬದುರು ಗಾಳಿಗಿಂಡಿ ಬಿಡಿಸಿ, ಇಲಿ ನುಸುಳದಂತೆ ತಂತಿಬಲೆ ಹೊಡೆಸಿ. ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರವಿಟ್ಟು ಜೋಡಿಸಿ. ಕಡಲೆಕಾಯಿಯನ್ನು ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ. ತೇವಾಂಶ ಶೇಕಡಾ 8 ಮೀರಬಾರದು. ಬೂಷ್ಟು ಹಿಡಿದದ್ದನ್ನು ದನಕ್ಕೂ ಹಾಕಬೇಡಿ. ಹಸು ತಿಂದ ವಿಷದ ಒಂದಂಶ ಹಾಲಿಗಿಳಿದು ಮತ್ತೆ ಮಕ್ಕಳ ಲೋಟಕ್ಕೇ ಬರುತ್ತದೆ.