ನಿದಾನ

‘ನಿದಾನ’ವೆಂದರೆ ಕನ್ನಡದಲ್ಲಿ ಸಾವಕಾಶ, ವೈದ್ಯಶಾಸ್ತ್ರದಲ್ಲಿ ರೋಗಕಾರಣದ ನಿರ್ಣಯ. ಜಮೀನಿನ ಕಾಗದಗಳನ್ನೊದಗಿಸುವ ಸರ್ವರ್ ಯಂತ್ರವು ಮೊದಲನೆಯ ಅರ್ಥದಲ್ಲಿ ನಿದಾನವಾದಾಗ, ಎರಡನೆಯ ಅರ್ಥದ ನಿದಾನವನ್ನು ಮಾಡತಕ್ಕದ್ದು.

ಯಂತ್ರದ ಮೆಮೊರಿಯನ್ನು ಗುಮಾಸ್ತನ ಮೇಜೆಂದೂ, ಡೇಟಾಬೇಸನ್ನು ದಫ್ತರಖಾನೆಯೆಂದೂ ಭಾವಿಸೋಣ. ಮೇಜು ತುಂಬಿರುವುದೇ ರೋಗವಲ್ಲ; ಪದೇ ಪದೇ ಬೇಕಾಗುವ ಪುಸ್ತಕಗಳನ್ನು ಕೈಗೆಟಕುವಂತೆ ಇರಿಸಿಕೊಳ್ಳುವುದು ಜಾಣತನವೇ ಸರಿ. ಜನಸಂದಣಿ ಕರಗಿದ ಮೇಲೂ ರಾಶಿಯು ದಿನೇ ದಿನೇ ಬೆಳೆಯುತ್ತಿದ್ದರೆ, ತೆಗೆದುದನ್ನು ಮರಳಿ ಇಡುತ್ತಿಲ್ಲವೆಂದರ್ಥ. ಒಂದೇ ಪ್ರಶ್ನೆಗೆ ಮೇಜು ತುಂಬಿಹೋದರೆ, ಒಂದು ಸರ್ವೆ ನಂಬರು ಕೇಳಿದವನಿಗಾಗಿ ನಮ್ಮ ಜಾಲ ಹೋಬಳಿಯ ಪುಸ್ತಕಗಳನ್ನೆಲ್ಲ ಹೊತ್ತು ತಂದಂತಾಯಿತು. ಅಲ್ಲಿ ಪ್ರಶ್ನೆಯನ್ನೇ ತಿದ್ದಬೇಕು. ಕೇಳುವವರೇ ಮಿತಿಮೀರಿದರೆ, ಅವರು ಯಾರೆಂದು ನೋಡಬೇಕು.

ಈ ಕಡೆಯ ಬಗೆಗೆ ನಿದರ್ಶನವುಂಟು. ೨೦೨೫ನೆಯ ಇಸವಿಯ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ ೨.೦’ ವ್ಯವಸ್ಥೆಯು ತೊಡರಿ, ಕ್ರಯಪತ್ರದ ನೋಂದಣಿಯೂ ಋಣಭಾರ ಪ್ರಮಾಣಪತ್ರದ ವಿತರಣೆಯೂ ಕುಂಠಿತವಾದುವು. ಸುಳ್ಳು ಖಾತೆಗಳ ಮೂಲಕ ಯಾರೋ ಬೇಕೆಂದೇ ಋಣಭಾರ ಶೋಧನೆಯ ಕೋರಿಕೆಗಳನ್ನು ಸುರಿಸಿದುದೇ ಕಾರಣವೆಂದು ಸರ್ಕಾರವು ತಿಳಿಸಿತು. ವಿಷಯವು ಪೊಲೀಸರವರೆಗೂ ಹೋಯಿತು. ಮೇಜನ್ನಷ್ಟೇ ಹಿರಿದು ಮಾಡಿದ್ದರೆ, ಆ ಹೊಸ ಮೇಜನ್ನೂ ಅದೇ ಕೈಗಳು ತುಂಬುತ್ತಿದ್ದುವು.

೨೦೦೮ರಲ್ಲಿ ವಿಮಾನನಿಲ್ದಾಣವು ತೆರೆದ ಮೇಲೆ ನಮ್ಮ ಚಿಕ್ಕಜಾಲದ ಸುತ್ತ ಭೂಮಿಯ ಕ್ರಯವಿಕ್ರಯ ಹೆಚ್ಚಿದೆ. ಮನೆ ಕೊಳ್ಳುವವರ ಮುಂಗಡ, ಬ್ಯಾಂಕಿನ ಸಾಲ, ಮಗಳ ಮದುವೆಗೆಂದು ನಿವೇಶನ ಮಾರುವವರ ಗಡುವು, ಎಲ್ಲವೂ ಆ ಒಂದು ಕಾಗದಕ್ಕಾಗಿ ಕಾದಿರುತ್ತವೆ. ಯಂತ್ರಪಾಲಕರಲ್ಲಿ ನಾವು ಅರಿಕೆ ಮಾಡುವುದಿಷ್ಟೇ: ಮೆಮೊರಿಗೆ ಹಣ ಸುರಿಯುವ ಮೊದಲು ಅದು ಎಲ್ಲಿ ವ್ಯಯವಾಗುತ್ತಿದೆಯೆಂದು ಅಳೆದು ನೋಡಿರಿ. ಮೊದಲು ನಿದಾನ, ಅನಂತರ ಚಿಕಿತ್ಸೆ.